ಪಾಳು ಕಾಲುವೆಗೆ ಮತ್ತೆ ನೀರು: ತುಂಡು ತುಂಡಾಗಿ ಮಾಡುವುದು ಹೇಗೆ?

ಪಾಳುಬಿದ್ದ ದೋಣಿ ಕಾಲುವೆಯನ್ನು ಉಳಿಸಲು ಹೊರಟವರು ಮೊದಲು ಹುಡುಕುವುದು ಅಗೆಯುವ ಯಂತ್ರವನ್ನು. ಕಾಲುವೆ ಕೆಡುವುದೂ ಅಲ್ಲಿಂದಲೇ. ಹೂಳೆತ್ತಲು ಇಳಿದ ಯಂತ್ರ, ನೀರು ಇಂಗದಂತೆ ತಳಕ್ಕೆ ಹಾಸಿದ ಜೇಡಿಮಣ್ಣನ್ನೂ ಬಾಚಿಕೊಂಡು ಮೇಲೆ ಬರುತ್ತದೆ. ನೀರು ಬಿಟ್ಟ ಕೆಲವೇ ದಿನಗಳಲ್ಲಿ ಪಕ್ಕದ ಹೊಲ ಜೌಗಾಗುತ್ತದೆ, ಕಾಲುವೆ ಬರಿದಾಗುತ್ತದೆ. ಒಳ್ಳೆಯ ಮನಸ್ಸಿನವರು ರಜೆಯ ದಿನಗಳನ್ನೆಲ್ಲ ಸುರಿದು ಮಾಡಿದ ಕೆಲಸ ಹೀಗೆ ಮಣ್ಣುಪಾಲಾಗುವುದನ್ನು ನೋಡಿ ಸಂಕಟಪಟ್ಟಿದ್ದೇನೆ. ಅದಕ್ಕಾಗಿಯೇ ಈ ಲೇಖನ.

ಹಂತ 1: ದಾಖಲೆ

ಜಾಗದ ಒಡೆತನ, ಹಳೆಯ ನಕ್ಷೆ, ಅನುಮತಿ. ಇವು ಕೈಗೆ ಬರುವವರೆಗೆ ಗುದ್ದಲಿ ಮುಟ್ಟಬೇಡಿ.

ಹಂತ 2: ನೀರಿನ ಲೆಕ್ಕ

ಲಾಕ್ ಎಂದರೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ತುದಿಗೆ ಬಾಗಿಲಿರುವ ತೊಟ್ಟಿ. ದೋಣಿ ಒಂದು ಲಾಕ್ ದಾಟಿದರೆ ಒಂದು ತೊಟ್ಟಿಯಷ್ಟು ನೀರು ಕೆಳಗಿಳಿದು ಹೋಗುತ್ತದೆ. ಅಷ್ಟೇ ನೀರು ಮೇಲಿನಿಂದ ಬರಬೇಕು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಕಾಲುವೆ 1991ರಲ್ಲಿ ಮತ್ತೆ ತೆರೆಯಿತು. ಆದರೆ ನೀರಿನ ಕೊರತೆಯಿಂದಾಗಿ ಆಮೇಲೆ ಎಷ್ಟೋ ಸಲ ದೋಣಿಗಳನ್ನು ತಡೆಯಬೇಕಾಯಿತು. ಅದೇ ದೇಶದ ಕೆನೆಟ್ ಮತ್ತು ಏವನ್ ಕಾಲುವೆ ತೆರೆದದ್ದು 1990ರಲ್ಲಿ. ಡಿವೈಸಸ್ ಊರಿನ ಬಳಿಯ 29 ಲಾಕ್‌ಗಳ ಬುಡದಿಂದ ನೀರನ್ನು ಮೇಲಕ್ಕೆತ್ತುವ ಪಂಪು ಮಾತ್ರ ಬಂದದ್ದು 1996ರಲ್ಲಿ. ಮಳೆಗಾಲದ ಹರಿವನ್ನು ನೋಡಿ ಮೋಸಹೋಗಬೇಡಿ. ಕಡು ಬೇಸಿಗೆಯಲ್ಲಿ ಅಳೆದದ್ದೇ ಲೆಕ್ಕ.

ಹಂತ 3: ಮೊದಲ ತುಂಡಿನ ಆಯ್ಕೆ

ಇಡೀ ಕಾಲುವೆಯನ್ನು ಒಮ್ಮೆಗೇ ತೋಡಬಾರದು. ಎರಡು ಸೇತುವೆಗಳ ನಡುವಿನ ಒಂದು ತುಂಡು ಸಾಕು, ಅದೂ ನೀರು ಒಳಬರುವ ತುದಿಗೆ ಹತ್ತಿರದ್ದು. ಜನರ ಕಣ್ಣಿಗೆ ಬೀಳಲಿ ಎಂದು ಊರ ನಡುವಿನಿಂದ ಶುರುಮಾಡುವವರಿದ್ದಾರೆ. ನೀರು ಅಲ್ಲಿಗೆ ತಲುಪುವ ಹೊತ್ತಿಗೆ ತಳ ಒಣಗಿ ಬಿರುಕು ಬಿಟ್ಟಿರುತ್ತದೆ. ತೋಡಿದ ತುಂಡಿಗೆ ಅದೇ ಋತುವಿನಲ್ಲಿ ನೀರು ಬಿಡಲಾಗದಿದ್ದರೆ ತೋಡಲೇಬೇಡಿ. ಕಾಡು ಬೆಳೆದು ಹೂಳು ತುಂಬಿದ ಕಾಲುವೆ ಇನ್ನೂ ಐವತ್ತು ವರ್ಷ ಹಾಗೇ ಇರಬಲ್ಲದು. ಬಿಸಿಲಿಗೆ ಬಿದ್ದ ಜೇಡಿಮಣ್ಣು ಒಂದು ಬೇಸಿಗೆಯನ್ನೂ ತಾಳದು.

ಎಷ್ಟು ಕಾಲ ಹಿಡಿಯುತ್ತದೆ ಎಂದು ಕೇಳುವವರಿಗೆ ನಾನು ಮಾಂಟ್ಗೊಮರಿ ಕಾಲುವೆಯನ್ನು ತೋರಿಸುತ್ತೇನೆ. ಇಂಗ್ಲೆಂಡಿನಿಂದ ವೇಲ್ಸ್‌ಗೆ ಸಾಗುವ ಇದರ ಏರಿ 1936ರಲ್ಲಿ ಒಡೆಯಿತು. 1944ರಲ್ಲಿ ಕಾನೂನಿನ ಮೂಲಕವೇ ಅದನ್ನು ಕೈಬಿಟ್ಟರು. ಅದರ ಜಾಡಿನ ಮೇಲೆ ರಸ್ತೆ ಹಾಕುವ ಮಾತು ಬಂದಾಗ, 1969ರಲ್ಲಿ, ಸ್ವಯಂಸೇವಕರು ವೆಲ್ಷ್‌ಪೂಲ್‌ನಲ್ಲಿ ಹೂಳೆತ್ತಲು ಇಳಿದರು. ಕೆಲಸ ಇಂದಿಗೂ ತುಂಡು ತುಂಡಾಗಿ ನಡೆದಿದೆ. ಇದನ್ನು ಸೋಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನೀರು ನಿಂತ ಪ್ರತಿಯೊಂದು ತುಂಡೂ ಆ ದಿನದಿಂದಲೇ ಕಾಲುವೆ.

ಹಂತ 4: ಮರ ಮತ್ತು ಹೂಳು

ಏರಿಯ ಮೇಲಿನ ಮರ ಕಡಿಯಿರಿ, ಬುಡ ಕೀಳಬೇಡಿ. ಬೇರು ಕಿತ್ತರೆ ಅದರ ಜೊತೆ ಜೇಡಿಯೂ ಹರಿದು ಬರುತ್ತದೆ. ಹಾಗೆಂದು ಕಡೆಯವರೆಗೂ ಬಿಟ್ಟರೆ ಬೇರು ಕೊಳೆತು ನೀರಿಗೆ ಕೊಳವೆಯಾಗುತ್ತದೆ. ಹದ ಮಾಡಿದ ಜೇಡಿಮಣ್ಣು ಪಕ್ಕದಲ್ಲೇ ಸಿದ್ಧವಿರುವ ದಿನ ಬುಡ ತೆಗೆದು, ಆ ಗುಂಡಿಯನ್ನು ಅಂದೇ ತುಂಬಿ.

ಹೂಳಿಗೆ ಮೊದಲು ಅಡ್ಡಲಾಗಿ ಒಂದು ಕಿರಿದಾದ ಪರೀಕ್ಷಾ ಗುಂಡಿ ತೋಡಿ. ಮೇಲಿನದು ಕಪ್ಪು, ಕೊಳೆತ ಎಲೆಯ ವಾಸನೆ, ಬೆರಳ ನಡುವೆ ಜಾರಿಹೋಗುತ್ತದೆ. ಸಲಿಕೆ ಇಳಿಸುತ್ತ ಹೋದಂತೆ ಒಂದೆಡೆ ಅದು ತಟ್ಟನೆ ಬಿಗಿಯುತ್ತದೆ. ಎತ್ತಿದ ಹೆಂಟೆ ಬೂದು ನೀಲಿ. ಸಲಿಕೆ ತಾಗಿದ ಕಡೆ ಸಾಬೂನು ಕೊಯ್ದಂತೆ ಹೊಳಪು. ಅಲ್ಲಿಗೆ ನಿಲ್ಲಿಸಿ. ಅದು ಕಾಲುವೆ ಕಟ್ಟಿದವರು ತುಳಿದು ಹಾಕಿದ ಜೇಡಿ. ಪ್ರತಿ ಇಪ್ಪತ್ತು ಹೆಜ್ಜೆಗೊಂದು ಇಂಥ ಗುಂಡಿ ತೋಡಿ, ಆಳವನ್ನು ಗೂಟದ ಮೇಲೆ ಗುರುತು ಮಾಡಿ, ಆಮೇಲೆ ಯಂತ್ರ ಕರೆಸಿ. ಅದರ ಬಕೆಟ್‌ಗೆ ಹಲ್ಲು ಇರಕೂಡದು, ಅಂಚು ನುಣುಪಾಗಿರಬೇಕು. ಕೊನೆಯ ಒಂದು ಗೇಣನ್ನು ಮನುಷ್ಯರೇ ತೆಗೆಯಲಿ.

ಹಿಂದೆ ಕಾರ್ಖಾನೆಗಳಿದ್ದ ಜಾಗವಾದರೆ ಹೂಳಿನಲ್ಲಿ ಸೀಸದಂಥ ಲೋಹಗಳಿರಬಹುದು. ಪ್ರಯೋಗಾಲಯದ ವರದಿ ಬರುವ ಮುನ್ನ ಯಾರ ಹೊಲಕ್ಕೂ ಅದನ್ನು ಹರಡಬೇಡಿ.

ಹಂತ 5: ಜೇಡಿಯ ಹಾಸು

ಎಲ್ಲರೂ ಎಡವುವುದು ಇಲ್ಲಿ. ಜೇಡಿಮಣ್ಣು ತಂದು ಸುರಿದು ರೋಲರ್ ಓಡಿಸಿದರೆ ಹಾಸು ಆಗುವುದಿಲ್ಲ. ಹೆಂಟೆಗಳ ನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ, ನೀರು ಅವನ್ನು ಹುಡುಕಿಕೊಂಡು ಹೋಗುತ್ತದೆ. ಜೇಡಿಯನ್ನು ನೀರು ಹಾಕಿ ಕೊಚ್ಚಿ, ತುಳಿದು, ಮತ್ತೆ ಕೊಚ್ಚಿ, ಹೆಂಟೆಯ ಗುರುತೇ ಇಲ್ಲದ ಒಂದೇ ಮುದ್ದೆಯಾಗಿಸಬೇಕು. 18ನೇ ಶತಮಾನದಲ್ಲಿ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಇಂಗ್ಲೆಂಡಿನ ಕಾಲುವೆಗಳಲ್ಲಿ ನೆಚ್ಚಿಕೊಂಡದ್ದು ಇದನ್ನೇ.

ಮಣ್ಣು ಯೋಗ್ಯವೇ ಎಂದು ತಿಳಿಯಲು ಒಂದು ಹಿಡಿ ನಾದಿ, ಹೆಬ್ಬೆರಳಿಗಿಂತ ತುಸು ದಪ್ಪಗೆ, ಒಂದು ಅಡಿ ಉದ್ದಕ್ಕೆ ಹೊಸೆಯಿರಿ. ಒಂದು ತುದಿ ಹಿಡಿದು ಎತ್ತಿ. ತನ್ನ ಭಾರಕ್ಕೆ ಹರಿದು ಬಿದ್ದರೆ ಆ ಮಣ್ಣು ಬೇಡ. ತೂಗಾಡಿಕೊಂಡು ನಿಂತರೆ ಅದನ್ನೇ ಉಂಡೆ ಕಟ್ಟಿ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಂಡೆ ಉಂಡೆಯಾಗಿಯೇ ಇರಬೇಕು.

ಹಾಸನ್ನು ಒಂದೊಂದು ಗೇಣಿನ ಪದರವಾಗಿ ಹಾಕಿ. ಮೇಲಿನ ಪದರ ಕೊಚ್ಚುವಾಗ ಸಲಿಕೆ ಕೆಳಗಿನ ಪದರಕ್ಕೂ ಇಳಿಯಬೇಕು, ಎರಡೂ ಬೆಸೆಯಬೇಕು. ಕೆಳಪದರದ ಮೈ ಒಣಗಿದ್ದರೆ ಕೆರೆದು, ನೀರು ಚಿಮುಕಿಸಿ ಮುಂದುವರಿಯಿರಿ. ಹಳಬರು ಹೀಗೆ ಒಟ್ಟು ಮೂರು ಅಡಿಯವರೆಗೂ ಹಾಕುತ್ತಿದ್ದರು. ಹಳೆಯ ಜೇಡಿ ಗಟ್ಟಿಯಾಗಿರುವ ಕಡೆ ಪೂರ್ತಿ ಹೊಸದು ಬೇಡ, ತೂತಿನ ಅಂಚನ್ನು ಮೆಟ್ಟಿಲಿನಂತೆ ಕೊಯ್ದು ಹೊಸದನ್ನು ಬೆಸೆಯಿರಿ. ಸಂಜೆ ಕೆಲಸ ಬಿಡುವಾಗ ಒದ್ದೆ ಗೋಣಿತಾಟು ಹೊದಿಸದೆ ಹೋಗಬೇಡಿ. ಕೊನೆಗೆ ಮೇಲೊಂದು ಸಾಧಾರಣ ಮಣ್ಣಿನ ಹೊದಿಕೆ ಇರಲಿ, ದೋಣಿ ನೂಕುವ ಕೋಲು ನೇರವಾಗಿ ಜೇಡಿಗೆ ಚುಚ್ಚಬಾರದು.

ಅಡ್ಡದಾರಿಗಳ ಬಗ್ಗೆ ಕೇಳಿಯೇ ಕೇಳುತ್ತೀರಿ. ಕೊಳಕ್ಕೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ, ಒಂದು ಬೇರು ಸಾಕು ಅದನ್ನು ತೂರಲು. ಜೇಡಿಯ ಮೇಲೆ ಸಿಮೆಂಟ್ ತೇಪೆ ಹಾಕಿದರೆ ಎರಡೂ ಸೇರುವ ಅಂಚಿನಲ್ಲೇ ನೀರು ದಾರಿ ಮಾಡಿಕೊಳ್ಳುತ್ತದೆ. ತುಂಬಿದ ನೀರಿನ ಮೇಲೆ ಬೆಂಟೊನೈಟ್ (ನೀರು ಹೀರಿ ಉಬ್ಬುವ ಒಂದು ಬಗೆಯ ಜೇಡಿ) ಪುಡಿ ಎರಚಿದರೆ ಸೋರಿಕೆ ನಿಲ್ಲುತ್ತದೆ ಎಂದು ಮಾರುವವರನ್ನು ನಂಬಬೇಡಿ. ಬೆಂಟೊನೈಟ್ ತುಂಬಿದ ಚಾಪೆ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಮೇಲೆ ಮಣ್ಣಿನ ಭಾರ ಬೀಳುವ ಮುನ್ನ ಮಳೆಗೆ ನೆನೆದರೆ ಅದು ಉಬ್ಬಿ ಹಾಳಾಗುತ್ತದೆ. ಮೋಡ ಕಂಡ ದಿನ ಸುರುಳಿ ಬಿಚ್ಚಬೇಡಿ.

ಹಂತ 6: ನೀರು ಬಿಡುವುದು

ಮೊದಲು ಕೋಡಿ ದುರಸ್ತಿ ಮಾಡಿ. ಹೆಚ್ಚಾದ ನೀರಿಗೆ ದಾರಿ ಇಲ್ಲದಿದ್ದರೆ ಅದು ಏರಿಯ ಮೇಲೆ ಹರಿದು ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ತುಂಡಿನ ಕೆಳತುದಿಯಲ್ಲಿ, ಸೇತುವೆಯಡಿಯ ಕಲ್ಲಿನಲ್ಲಿ ಕೊರೆದ ಸೀಳುಗಳಿಗೆ ಅಡ್ಡಹಲಗೆ ಇಳಿಸಿ. ಹಲಗೆಗಳ ಸಂದಿಗೆ ಬೂದಿ ಸುರಿಯುವುದು ಹಳೆಯ ಉಪಾಯ, ಧಾರಾಳವಾಗಿ ಮಾಡಿ. ತಳದ ಸೋರಿಕೆಗೆ ಮಾತ್ರ ಆ ಉಪಾಯ ಸಲ್ಲದು.

ದಿನಕ್ಕೆ ಅರ್ಧ ಅಡಿಗಿಂತ ಹೆಚ್ಚು ಏರಿಸಬೇಡಿ. ಪ್ರತಿ ಬೆಳಿಗ್ಗೆ ಏರಿಯ ಹೊರಬುಡದಲ್ಲಿ ನಡೆದು ಹೊಸ ತೇವ ಹುಡುಕಿ. ಒಸರುವ ನೀರು ತಿಳಿಯಾಗಿದ್ದರೆ ಗುರುತಿಟ್ಟು ಕಾಯಬಹುದು. ಕದಡಿದ್ದರೆ ಏರಿಯ ಮಣ್ಣು ಕರಗಿ ಬರುತ್ತಿದೆ ಎಂದರ್ಥ. ಕೂಡಲೇ ನೀರು ಇಳಿಸಿ.

ಮಟ್ಟ ಇಳಿಯುತ್ತಿರುವುದು ಬಿಸಿಲಿಗೋ ಸೋರಿಕೆಗೋ ಎಂಬ ಜಗಳ ಬಂದೇ ಬರುತ್ತದೆ. ಮಳೆಯಿಲ್ಲದ ದಿನ ನೀರು ಬರುವ ತೂಬನ್ನು ಮುಚ್ಚಿ. ಅಗಲ ಬಾಯಿಯ ತೊಟ್ಟಿಯೊಂದಕ್ಕೆ ನೀರು ತುಂಬಿಸಿ, ಕಾಲುವೆಯೊಳಗೇ ಅಲುಗದಂತೆ ಕೂರಿಸಿ. ಒಂದು ದಿನ ಕಳೆದ ಮೇಲೆ ಎರಡರ ಮಟ್ಟವನ್ನೂ ಅಳೆಯಿರಿ. ತೊಟ್ಟಿಯಲ್ಲಿ ಇಳಿದಷ್ಟೇ ಕಾಲುವೆಯಲ್ಲೂ ಇಳಿದಿದ್ದರೆ ಅದು ಬಿಸಿಲು ಕುಡಿದದ್ದು. ಕಾಲುವೆ ಹೆಚ್ಚು ಇಳಿದಿದ್ದರೆ ಅದು ಸೋರಿಕೆ.

ಹಂತ 7: ಲಾಕ್, ನಂತರ ಮುಂದಿನ ತುಂಡು

ಲಾಕ್‌ನ ಗೋಡೆ ಮೊದಲು, ಬಾಗಿಲು ಕೊನೆಗೆ. ಓಕ್ ಮರದ ಬಾಗಿಲಿನ ಆಯುಸ್ಸು ಸುಮಾರು 25 ವರ್ಷ. ಮೇಲೂ ಕೆಳಗೂ ನೀರಿಲ್ಲದ ಲಾಕ್‌ಗೆ ಬಾಗಿಲು ಜೋಡಿಸಿದರೆ ಆ ಆಯುಸ್ಸು ಬಿಸಿಲಿನಲ್ಲೇ ಸವೆಯುತ್ತದೆ.

ಮೊದಲ ತುಂಡು ಒಂದು ಪೂರ್ತಿ ಬೇಸಿಗೆ ಮಟ್ಟ ಕಾಯ್ದುಕೊಂಡಿತೇ ನೋಡಿ. ಕಾಯ್ದುಕೊಂಡಿದ್ದರೆ ಅಡ್ಡಹಲಗೆಯ ಆಚೆ ಬದಿಯಲ್ಲಿ ಮುಂದಿನ ಪರೀಕ್ಷಾ ಗುಂಡಿ ತೋಡಿ. ಅಲ್ಲಿ ಜೇಡಿಯ ಹಾಸು ಮುಗಿದ ದಿನ ಹಲಗೆಗಳನ್ನು ಮೇಲಿನಿಂದ ಒಂದೊಂದಾಗಿ ಎತ್ತಿ, ಮೊದಲ ತುಂಡಿನ ನೀರನ್ನೇ ಎರಡನೆಯದಕ್ಕೆ ಇಳಿಸಿ.