ಕಲ್ಲು ಹುಡುಕಲು ಹೋಗಿ ಸಿಕ್ಕ ಗಡ್ಡೆ

ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕೂತಿರುವ ಪುಟ್ಟ ಗ್ರಂಥಿಯೇ ಅಡ್ರಿನಲ್. ಅದರ ಗಡ್ಡೆ ಹೊತ್ತು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬೇರೇನೋ ಹುಡುಕಲು ಹೋದವರು. ಈ ಹೆಂಗಸೂ ಹಾಗೆಯೇ. ಕಿಡ್ನಿ ಕಲ್ಲಿರಬಹುದೆಂದು ಸಿಟಿ ಸ್ಕ್ಯಾನ್ ಮಾಡಿಸಿದ್ದರು. ಕಲ್ಲು ಇರಲಿಲ್ಲ. ಎಡ ಅಡ್ರಿನಲ್‌ನಲ್ಲಿ 2.2 ಸೆಂ.ಮೀ. ಗಡ್ಡೆ ಇತ್ತು. ಕೂತ ತಕ್ಷಣ ಕೇಳಿದರು, "ಡಾಕ್ಟ್ರೇ, ಆಪರೇಷನ್ ಯಾವತ್ತು?"

ನಾನು ರಿಪೋರ್ಟಿನಲ್ಲಿ ಒಂದು ಸಂಖ್ಯೆ ಹುಡುಕುತ್ತಿದ್ದೆ. ಡೈ ಕೊಡದೆ ತೆಗೆದ ಸಿಟಿಯಲ್ಲಿ ಗಡ್ಡೆ ಎಷ್ಟು ದಟ್ಟವಾಗಿದೆ ಅನ್ನೋದನ್ನು ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಅಳೆಯುತ್ತಾರೆ. ನೀರಿಗೆ 0, ಕೊಬ್ಬಿಗೆ ಅದಕ್ಕಿಂತ ಕೆಳಗೆ. ಗಡ್ಡೆ ಎಲ್ಲ ಕಡೆ ಒಂದೇ ಸಮನಾಗಿದ್ದು 10 ಅಥವಾ ಕಡಿಮೆ ಬಂದರೆ ಅದು ಕೊಬ್ಬು ತುಂಬಿದ ಅಡಿನೋಮಾ, ಕ್ಯಾನ್ಸರ್ ಅಲ್ಲ. ಆ ಸಂಖ್ಯೆಯೇ ಬರೆದಿರಲಿಲ್ಲ. ರೇಡಿಯಾಲಜಿಸ್ಟ್‌ಗೆ ಫೋನ್ ಮಾಡಿ ಅಳೆಸಿದೆ. 4.

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕ್ಯಾನ್ಸರ್ ಅಲ್ಲದ ಗಡ್ಡೆಯೂ ಕಳ್ಳತನದಲ್ಲಿ ಹಾರ್ಮೋನ್ ಸುರಿಸುತ್ತಿರಬಹುದು, ಅಲ್ವಾ? ಅವರಿಗೆ ಬಿಪಿ ಇದ್ದುದರಿಂದ ಬಿಪಿ ಏರಿಸುವ ಹಾರ್ಮೋನ್ ಆಲ್ಡೋಸ್ಟೆರೋನ್, ಅದರ ಜೊತೆಗೆ ರೆನಿನ್, ಪೊಟ್ಯಾಸಿಯಂ ನೋಡಿಸಿದೆ. ಎಲ್ಲ ಸರಿಯಿತ್ತು. ಉಳಿದದ್ದು ಅಡ್ರಿನಲ್ ಸುರಿಸುವ ಇನ್ನೊಂದು ಹಾರ್ಮೋನ್, ಕಾರ್ಟಿಸೋಲ್. ರಾತ್ರಿ 11ಕ್ಕೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ನುಂಗಿ, ಬೆಳಿಗ್ಗೆ 8ಕ್ಕೆ ರಕ್ತ ಕೊಡಬೇಕು. ಕಾರ್ಟಿಸೋಲ್ ಸಾಕು ಅಂತ ದೇಹಕ್ಕೆ ಹೇಳುವ ಮಾತ್ರೆ ಅದು. ಗ್ರಂಥಿ ಮಾತು ಕೇಳುವಂತಿದ್ದರೆ ಕಾರ್ಟಿಸೋಲ್ ಡೆಸಿಲೀಟರ್‌ಗೆ 1.8 ಮೈಕ್ರೋಗ್ರಾಂ ದಾಟಬಾರದು. ಬಂದದ್ದು 9.6!

ಇಷ್ಟು ಬರುವವರ ಮೈಯಲ್ಲಿ ಏನಾದರೂ ಸುಳಿವು ಸಿಗಬೇಕಿತ್ತು. ಮುಖ ಊದಿರಲಿಲ್ಲ, ಚರ್ಮ ತೆಳುವಾಗಿರಲಿಲ್ಲ, ಸಕ್ಕರೆಯೂ ಸರಿಯಿತ್ತು. ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ ಅಂದೆ. "ರಾತ್ರಿ ಮರೆತೆ. ಬೆಳಿಗ್ಗೆ ಲ್ಯಾಬಿಗೆ ಹೊರಡುವಾಗ ನುಂಗಿಬಿಟ್ಟೆ."

ತಪ್ಪು ನನ್ನದೇ. ಬಾಯಲ್ಲಿ ಹೇಳಿದ್ದೆ, ಚೀಟಿಯಲ್ಲಿ ಗಂಟೆ ಬರೆದಿರಲಿಲ್ಲ. ಮತ್ತೆ ಮಾಡಿಸಿದಾಗ 1.2. ಅಂದಿನಿಂದ ಗಂಟೆ ಬರೆದು ಅಡಿಗೆರೆ ಎಳೆಯುತ್ತೇನೆ. ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಕೇಳುತ್ತೇನೆ. ಅದರಲ್ಲಿನ ಈಸ್ಟ್ರೋಜನ್‌ನಿಂದಲೂ ಈ ಲೆಕ್ಕ ಸುಳ್ಳೇ ಜಾಸ್ತಿ ಬರುತ್ತದೆ.

ಆಪರೇಷನ್ ಬೇಡ, ಮತ್ತೆ ಸ್ಕ್ಯಾನೂ ಬೇಡ ಅಂದಾಗ ಅವರಿಗೆ ನಂಬಿಕೆ ಬರಲಿಲ್ಲ. "ಸೂಜಿ ಹಾಕಿಯಾದರೂ ನೋಡಿಬಿಡಿ" ಅಂದರು. ಅಡ್ರಿನಲ್‌ಗೆ ಸುಮ್ನೆ ಸೂಜಿ ಹಾಕುವಂತಿಲ್ಲ. ಅದು ಅಡ್ರಿನಲಿನ್ ಥರದ ಹಾರ್ಮೋನ್ ಸುರಿಸುವ ಫಿಯೋಕ್ರೋಮೋಸೈಟೋಮಾ ಆಗಿದ್ದರೆ ಚುಚ್ಚಿದ ಕೂಡಲೇ ಬಿಪಿ ಆಕಾಶಕ್ಕೇರಬಹುದು. ಆ ಜಾತಿಯ ಗಡ್ಡೆಗೆ ಆಪರೇಷನ್ನೇ ದಾರಿ. ಅದಕ್ಕೂ ಮೊದಲು ಒಂದೆರಡು ವಾರ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಕೊಟ್ಟು ಬಿಪಿ ಹದಕ್ಕೆ ತರಬೇಕು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಬೇಕಾದರೆ ಆಮೇಲೆ, ಎಂದೂ ಮೊದಲಲ್ಲ. ಇವರ ಗಡ್ಡೆಯ ಸಂಖ್ಯೆ 4 ಇದ್ದುದರಿಂದ ಆ ಅನುಮಾನಕ್ಕೆ ಜಾಗವೇ ಇರಲಿಲ್ಲ.

ಈಗ ಬಿಪಿ ನೋಡಿಸಲು ಮಾತ್ರ ಬರುತ್ತಾರೆ. ಎದ್ದು ಹೊರಡುವಾಗ ಕೇಳುತ್ತಾರೆ, "ಅದು ಅಲ್ಲೇ ಇದೆಯಾ ಡಾಕ್ಟ್ರೇ?" ಇದೆ ಅನ್ನುತ್ತೇನೆ.