ಸಿನಿಮಾ ಶುರುವಾಗುವ ಮೊದಲೇ ಒಲೆ ಆರಲಿ

ಕ್ರಿಸ್‌ಮಸ್ ರಜೆಯಲ್ಲಿ ಎಲ್ಲರೂ ಮನೆಯಲ್ಲೇ ಕೂತು ಸಿನಿಮಾ ನೋಡುವುದಕ್ಕೆ ಲೇಖನ ಬೇರೆ ಬೇಕಾ ಅನ್ನಬಹುದು. ಬೇಕು. ಯಾಕೆಂದರೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಎಂಟು ಗಂಟೆಗೆ ಎಲ್ಲರೂ ಟಿವಿ ಮುಂದೆ. ಯಾವ ಸಿನಿಮಾ ಅಂತ ಮುಕ್ಕಾಲು ಗಂಟೆ ರಿಮೋಟ್ ಕೈಯಿಂದ ಕೈಗೆ ಓಡಾಡುತ್ತದೆ. ಕೊನೆಗೆ ಏನೋ ಒಂದು ಶುರುವಾಗುತ್ತದೆ. ಆಗ ಯಾರಿಗೋ ಪಾಪ್‌ಕಾರ್ನ್ ನೆನಪಾಗುತ್ತದೆ. "ನೀವು ನೋಡ್ತಾ ಇರಿ, ಈಗ ಬಂದೆ" ಅಂತ ಒಬ್ಬರು ಒಳಗೆ ಹೋಗುತ್ತಾರೆ. ಸಿನಿಮಾದ ಒಳ್ಳೆಯ ಜಾಗ ಬರುವ ಹೊತ್ತಿಗೆ ಅಡುಗೆಮನೆಯಿಂದ ಸೀದ ವಾಸನೆ. ಸಿನಿಮಾ ನಿಲ್ಲಿಸು, ಕಿಟಕಿ ತೆಗಿ, ಪಾತ್ರೆ ನೆನೆಹಾಕು. ಮತ್ತೆ ಬಂದು ಕೂತಾಗ ಅರ್ಧ ಜನ ಫೋನ್‌ನಲ್ಲಿ ಮುಳುಗಿರುತ್ತಾರೆ.

ನಮ್ಮ ಮನೆಯಲ್ಲೂ ಎರಡು ವರ್ಷ ಇದೇ ಆಗಿದೆ. ಆ ಸೀದ ಪಾತ್ರೆ ನನ್ನದೇ. ಅದಾದ ಮೇಲೆ ಒಂದು ನಿಯಮ ಮಾಡಿಕೊಂಡಿದ್ದೇನೆ: ಸಿನಿಮಾ ಹಾಕುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಪುಸ್ತಕ, ಆಮೇಲೆ ಟಿವಿ, ಆಮೇಲೆ ತಿಂಡಿ.

ಹಂತ 1: ಪುಸ್ತಕದಿಂದ ಶುರು ಮಾಡಿ

ಯಾವ ಸಿನಿಮಾ ಎಂಬ ಜಗಳ ತಪ್ಪಿಸುವ ಸುಲಭದ ದಾರಿ ಎಂದರೆ ಪುಸ್ತಕ ಆರಿಸುವುದು. ಪುಸ್ತಕ ಓದಿಯಾದ ಮೇಲೆ ಸಿನಿಮಾ ಯಾವುದು ಅಂತ ಯಾರೂ ಕೇಳುವುದಿಲ್ಲ.

ಮೊದಲ ಸಲ ಮಾಡುವವರು ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ತೆಗೆದುಕೊಳ್ಳಿ. 1843ರ ಡಿಸೆಂಬರ್ 19ರಂದು ಬಂದ ಪುಸ್ತಕ ಇದು. ಮೊದಲ ಮುದ್ರಣದ 6,000 ಪ್ರತಿ ಕ್ರಿಸ್‌ಮಸ್ ಹಿಂದಿನ ದಿನದ ಹೊತ್ತಿಗೆ ಖಾಲಿಯಾಗಿತ್ತು. ಕಥೆ ಚಿಕ್ಕದು. ಹೆಸರಲ್ಲೇ ಹಾಡು ಇರುವುದರಿಂದ ಡಿಕನ್ಸ್ ಅಧ್ಯಾಯಗಳನ್ನೂ ಹಾಡಿನ ಭಾಗಗಳ ಹೆಸರಲ್ಲೇ ಕರೆದ. ಅಂಥವು ಐದು. ಅಂದರೆ ಲೆಕ್ಕ ಅವನೇ ಹಾಕಿಕೊಟ್ಟಿದ್ದಾನೆ: ರಾತ್ರಿಗೆ ಒಂದು ಭಾಗ, ಐದು ರಾತ್ರಿ, ಆರನೇ ರಾತ್ರಿ ಸಿನಿಮಾ. ಜೋರಾಗಿ ಓದಿ. ಮನಸ್ಸಲ್ಲೇ ಓದಿಕೊಳ್ಳುವ ಪುಸ್ತಕ ಅಲ್ಲ ಇದು. ಡಿಕನ್ಸ್ ಸ್ವತಃ ವೇದಿಕೆ ಮೇಲೆ ನಿಂತು ಇದನ್ನು ಜನರಿಗೆ ಓದಿ ಹೇಳುತ್ತಿದ್ದ. ಉದ್ದುದ್ದ ವರ್ಣನೆ ಬಂದ ಕಡೆ ಮಕ್ಕಳು ಆಕಳಿಸಿದರೆ ಒಂದೆರಡು ಪ್ಯಾರಾ ಹಾರಿಸಿ, ಯಾರೂ ಕೇಸು ಹಾಕುವುದಿಲ್ಲ.

ಈ ಕಥೆಗೆ ಸಿನಿಮಾಗಳು ಲೆಕ್ಕವಿಲ್ಲದಷ್ಟು ಇವೆ. ನನ್ನ ಪ್ರಕಾರ ಎರಡು ಸಾಕು. ಮನೆಯಲ್ಲಿ ಮಕ್ಕಳಿದ್ದರೆ 1992ರ 'ದ ಮಪೆಟ್ ಕ್ರಿಸ್‌ಮಸ್ ಕ್ಯಾರಲ್'. ಬೊಂಬೆಗಳ ಸಿನಿಮಾ ಅಂತ ಮೂಗು ಮುರಿಯಬೇಡಿ. ಸುತ್ತ ಕಪ್ಪೆ, ಹಂದಿ, ಇಲಿ ಬೊಂಬೆಗಳು ಕುಣಿಯುತ್ತಿದ್ದರೂ ಮೈಕಲ್ ಕೇನ್ ಮಾತ್ರ ಜಿಪುಣ ಸ್ಕ್ರೂಜ್‌ನನ್ನು ನಾಟಕದ ವೇದಿಕೆ ಮೇಲಿದ್ದ ಹಾಗೆ ಗಂಭೀರವಾಗಿ ಆಡಿದ್ದಾರೆ. ಡಿಕನ್ಸ್ ಬರೆದ ಸಾಲುಗಳೇ ಎಷ್ಟೋ ಕಡೆ ಕಿವಿಗೆ ಬೀಳುತ್ತವೆ. ಐದು ರಾತ್ರಿ ಓದಿದವರಿಗೆ ಅದರ ಖುಷಿಯೇ ಬೇರೆ. ದೊಡ್ಡವರೇ ಇದ್ದರೆ 1951ರ ಕಪ್ಪು-ಬಿಳುಪು 'ಸ್ಕ್ರೂಜ್', ಅಲಸ್ಟೇರ್ ಸಿಮ್ ನಟಿಸಿದ್ದು.

ಪೂರ್ತಿ ಪುಸ್ತಕ ಆಗಲ್ಲ ಅನ್ನುವವರಿಗೆ 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946) ಇದೆ. ಇದರ ಮೂಲ ಒಂದು ಸಣ್ಣ ಕಥೆ, ಹೆಸರು 'ದ ಗ್ರೇಟೆಸ್ಟ್ ಗಿಫ್ಟ್'. ಬರೆದ ಫಿಲಿಪ್ ವ್ಯಾನ್ ಡೋರನ್ ಸ್ಟರ್ನ್‌ಗೆ ಪ್ರಕಾಶಕರೇ ಸಿಗಲಿಲ್ಲ. ಬೇಸತ್ತು 1943ರಲ್ಲಿ 200 ಪ್ರತಿ ತಾನೇ ಅಚ್ಚು ಹಾಕಿಸಿ, ಕ್ರಿಸ್‌ಮಸ್ ಕಾರ್ಡ್ ಅಂತ ಪರಿಚಿತರಿಗೆ ಕಳಿಸಿಬಿಟ್ಟ. ಅದೇ ಸಿನಿಮಾ ಆಯಿತು. ಸಿನಿಮಾ ನೋಡುವಾಗ ಹಿಮದ ಮೇಲೆ ಕಣ್ಣಿಡಿ. ಆ ಕಾಲದಲ್ಲಿ ಸ್ಟುಡಿಯೋಗಳು ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದವು. ನಟರು ಅದರ ಮೇಲೆ ನಡೆದರೆ ಹಪ್ಪಳ ತುಳಿದ ಹಾಗೆ ಸದ್ದು, ಆಮೇಲೆ ಮಾತನ್ನೆಲ್ಲ ಮತ್ತೆ ಮುದ್ರಿಸಬೇಕಿತ್ತು. ಈ ಚಿತ್ರಕ್ಕೆ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಸದ್ದಿಲ್ಲದ ಹಿಮ ಮಾಡಿದರು. ಚಿತ್ರೀಕರಣ ಆಗಿದ್ದೂ ಬೇಸಿಗೆಯಲ್ಲಿ!

ತೀರಾ ಚಿಕ್ಕ ಮಕ್ಕಳಿಗೆ ರೇಮಂಡ್ ಬ್ರಿಗ್ಸ್‌ನ 'ದ ಸ್ನೋಮ್ಯಾನ್'. 1978ರ ಪುಸ್ತಕದಲ್ಲಿ ಒಂದು ಮಾತೂ ಇಲ್ಲ, ಬರೀ ಚಿತ್ರ. ಓದಲು ಬಾರದ ಮಗುವೇ ನಿಮಗೆ ಕಥೆ ಹೇಳಬಹುದು. 1982ರ ಚಿತ್ರ ಅರ್ಧ ಗಂಟೆಯೂ ಇಲ್ಲ. ತಮಾಷೆ ಅಂದರೆ ಪುಸ್ತಕದಲ್ಲಿ ಕ್ರಿಸ್‌ಮಸ್ ಸುದ್ದಿಯೇ ಇಲ್ಲ, ಸಾಂತಾ ಕ್ಲಾಸ್ ಬಂದಿದ್ದು ಸಿನಿಮಾದಲ್ಲಿ. ಎರಡನ್ನೂ ನೋಡಿದ ಮಗು ಇದನ್ನು ತಾನೇ ಪತ್ತೆ ಹಚ್ಚಲಿ, ನೀವು ಮೊದಲೇ ಹೇಳಬೇಡಿ.

ಇನ್ನು ಕ್ರಿಸ್‌ಮಸ್ ಹಿಂದಿನ ರಾತ್ರಿ ನಡೆಯುವ ಹೊಡೆದಾಟದ ಚಿತ್ರ 'ಡೈ ಹಾರ್ಡ್' (1988) ಕ್ರಿಸ್‌ಮಸ್ ಸಿನಿಮಾನಾ ಅಲ್ವಾ ಎಂಬ ವಾದವನ್ನು ಆ ರಾತ್ರಿ ತೆಗೆಯಬೇಡಿ, ಬೆಳಗಾದರೂ ಮುಗಿಯುವುದಿಲ್ಲ. ಅದಕ್ಕೂ ಒಂದು ಕಾದಂಬರಿ ಇದೆ ಎಂಬುದು ಮಾತ್ರ ಗೊತ್ತಿರಲಿ: ರಾಡ್ರಿಕ್ ಥಾರ್ಪ್‌ನ 1979ರ 'ನಥಿಂಗ್ ಲಾಸ್ಟ್ಸ್ ಫಾರೆವರ್'. ಅದರ ನಾಯಕ ವಯಸ್ಸಾದವನು, ಬಂದಿರುವುದು ಸಿನಿಮಾದಲ್ಲಿರುವ ಹಾಗೆ ಹೆಂಡತಿಯನ್ನಲ್ಲ, ಮಗಳನ್ನು ನೋಡಲು.

ಹಂತ 2: ಟಿವಿಯನ್ನು ಬೆಳಗ್ಗೆಯೇ ಸರಿ ಮಾಡಿಡಿ

ಹೊಸ ಟಿವಿಗಳಲ್ಲಿ ಚಲನೆಯನ್ನು ನುಣುಪು ಮಾಡುವ ಒಂದು ಸೆಟ್ಟಿಂಗ್ ಅಂಗಡಿಯಿಂದಲೇ ಆನ್ ಆಗಿ ಬಂದಿರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ, ಹೆಸರಲ್ಲಿ 'ಮೋಷನ್' ಅಂತ ಇದ್ದರೆ ಅದೇ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ. ಈ ಟಿವಿ ನಡುವೆ ತನ್ನದೇ ಚಿತ್ರಗಳನ್ನು ತುರುಕುತ್ತದೆ. ಹಾಗಾಗಿ ಎಂಥ ಸಿನಿಮಾವೂ ಮಧ್ಯಾಹ್ನದ ಧಾರಾವಾಹಿ ಥರ ಕಾಣುತ್ತದೆ. ಅದನ್ನು ಆರಿಸಿ. ಹಳೆಯ ಚಿತ್ರ ಹೆಚ್ಚು ಕಡಿಮೆ ಚೌಕಾಕಾರ ಇರುತ್ತದೆ, ಪರದೆ ತುಂಬಲಿ ಅಂತ ಅಡ್ಡಕ್ಕೆ ಎಳೆಯಬೇಡಿ. ಎಳೆದರೆ ನಾಯಕಿಗೆ ಕುಂಬಳಕಾಯಿ ಮುಖ. ಕಪ್ಪು-ಬಿಳುಪು ಚಿತ್ರಕ್ಕೆ ಆಮೇಲೆ ಬಣ್ಣ ಬಳಿದ ಪ್ರತಿ ಸಿಕ್ಕರೆ ಮುಟ್ಟಲೇಬೇಡಿ. ಸಬ್‌ಟೈಟಲ್ ಬೇಕಿದ್ದರೆ ಈಗಲೇ ಹಾಕಿ ನೋಡಿ.

ಹಂತ 3: ಕ್ಯಾರಮೆಲ್ ಪಾಪ್‌ಕಾರ್ನ್

ಎಲ್ಲರೂ ಎಡವುವುದು ಇಲ್ಲೇ. ಸಿನಿಮಾ ತಿಂಡಿ ಕತ್ತಲಲ್ಲಿ, ಒಂದೇ ಕೈಯಲ್ಲಿ, ತಟ್ಟೆ ನೋಡದೆ ತಿನ್ನುವಂತಿರಬೇಕು. ಚಮಚ ಬೇಕಾಗುವ ಯಾವುದೂ ಬೇಡ. ಕ್ಯಾರಮೆಲ್ ಪಾಪ್‌ಕಾರ್ನ್ ಎಲ್ಲಕ್ಕೂ ಸರಿ, ಜೊತೆಗೆ ಹಿಂದಿನ ದಿನವೇ ಮಾಡಿಡಬಹುದು.

ಮೊದಲು ಪಾಪ್‌ಕಾರ್ನ್. ಕಾಳಿನ ಒಳಗೆ ಶೇ 14ರಷ್ಟು ನೀರಿನಂಶ ಇರುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಒಳಗಿನ ಆವಿ ಸಿಪ್ಪೆ ಒಡೆದು ಹೊರಬರುತ್ತದೆ, ಕಾಳು ಅರಳುತ್ತದೆ. ಕಾಳು ಹಳೆಯದಾಗಿ ಒಣಗಿದ್ದರೆ ಆವಿಯೂ ಇಲ್ಲ, ಅರಳುವುದೂ ಇಲ್ಲ. ಹಾಗಾಗಿ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ದಪ್ಪ ತಳದ ಪಾತ್ರೆಯಲ್ಲಿ ಮೂರು ಚಮಚ ಎಣ್ಣೆ, ಅದಕ್ಕೆ ಬರೀ ಮೂರು ಕಾಳು. ಆ ಮೂರೂ ಸಿಡಿದರೆ ಎಣ್ಣೆ ಕಾದಿದೆ ಎಂದರ್ಥ. ಈಗ ಪಾತ್ರೆ ಕೆಳಗಿಳಿಸಿ, ಅರ್ಧ ಕಪ್ ಕಾಳು ಹಾಕಿ, ಮುಚ್ಚಿ, ಮೂವತ್ತು ಎಣಿಸಿ. ಈ ಕಾಯುವಿಕೆಯನ್ನು ಹಾರಿಸಬೇಡಿ. ಎಲ್ಲ ಕಾಳೂ ಒಂದೇ ಬಿಸಿಗೆ ಬರುವುದು ಇದರಿಂದಲೇ. ಮತ್ತೆ ಒಲೆ ಮೇಲಿಟ್ಟರೆ ಎಲ್ಲವೂ ಒಟ್ಟಿಗೆ ಪಟಪಟ ಅನ್ನುತ್ತವೆ. ಮುಚ್ಚಳ ಕೂದಲೆಳೆಯಷ್ಟು ಓರೆಯಾಗಿರಲಿ. ಬಿಗಿಯಾಗಿ ಮುಚ್ಚಿದರೆ ಆವಿ ಒಳಗೇ ಉಳಿದು ಪಾಪ್‌ಕಾರ್ನ್ ರಬ್ಬರ್ ಆಗುತ್ತದೆ. ಎರಡು ಸದ್ದಿನ ನಡುವೆ ಎರಡು ಸೆಕೆಂಡ್ ಬಿಡುವು ಬಂತೋ, ಇಳಿಸಿ.

ಪ್ಯಾಕೆಟ್ ಹರಿದು ಮೈಕ್ರೋವೇವ್‌ಗೆ ಇಡುವುದು ಸುಲಭ ಅಲ್ವಾ ಅಂದರೆ, ಸುಮ್ನೆ ತಿನ್ನಲು ಆಗಬಹುದು. ಕ್ಯಾರಮೆಲ್‌ಗೆ ಬೇಡ. ಅದರ ಉಪ್ಪು, ಬೆಣ್ಣೆ ವಾಸನೆಯ ಎಣ್ಣೆ ಮೇಲೆ ಪಾಕ ಸರಿಯಾಗಿ ಹಿಡಿಯುವುದೇ ಇಲ್ಲ.

ಅರಳಿದ್ದನ್ನು ಅಗಲ ತಟ್ಟೆಗೆ ಹಾಕಿ ಅಲುಗಾಡಿಸಿ, ತಳಕ್ಕೆ ಇಳಿದ ಅರಳದ ಕಾಳು ಒಂದೊಂದನ್ನೂ ತೆಗೆಯಿರಿ. ಕ್ಯಾರಮೆಲ್ ಮೆತ್ತಿಕೊಂಡ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ, ಹಲ್ಲಿಗೇ ಸಿಗುತ್ತದೆ.

ಈಗ ಪಾಕ. ಒಂದು ಕಪ್ ಕಂದು ಸಕ್ಕರೆ, 100 ಗ್ರಾಂ ಬೆಣ್ಣೆ, ಕಾಲು ಕಪ್ ಜೇನುತುಪ್ಪ, ಅರ್ಧ ಚಿಕ್ಕ ಚಮಚ ಉಪ್ಪು. ಜೇನುತುಪ್ಪ ಸಿಹಿಗಲ್ಲ, ಪಾಕ ಹರಳುಗಟ್ಟದಿರಲಿ ಅಂತ. ಪಾತ್ರೆ ನಿಮಗೆ ಬೇಕು ಅನ್ನಿಸಿದ್ದಕ್ಕಿಂತ ದೊಡ್ಡದಿರಲಿ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಸಣ್ಣ ಉರಿಯಲ್ಲಿ ಕರಗುವ ತನಕ ಕಲಕಿ. ಕುದಿ ಬಂದ ಕ್ಷಣ ಚಮಚ ಕೆಳಗಿಡಿ. ಇಲ್ಲಿ ಕೈ ತಡೆಯುವುದು ಬಹಳ ಜನರಿಗೆ ಆಗುವುದಿಲ್ಲ. ಕಲಕುತ್ತಲೇ ಇದ್ದರೆ ಅಂಚಿಗೆ ಅಂಟಿದ ಸಕ್ಕರೆ ಹರಳು ಒಳಗೆ ಬೀಳುತ್ತದೆ, ಒಂದು ಹರಳು ಬಿದ್ದರೆ ಇಡೀ ಪಾಕ ಮರಳು ಮರಳಾಗುತ್ತದೆ. ತಳ ಹಿಡಿಯುತ್ತದೆ ಎಂಬ ಭಯವಿದ್ದರೆ ಪಾತ್ರೆಯ ಹಿಡಿ ಹಿಡಿದು ಮೆಲ್ಲಗೆ ತಿರುಗಿಸಿ, ಅಷ್ಟೇ. ನಾಲ್ಕೈದು ನಿಮಿಷ ಬೇಕು. ಆ ಹೊತ್ತಿನಲ್ಲಿ ಫೋನ್ ಬಂದರೆ ತೆಗೆಯಬೇಡಿ. ನನ್ನ ಪಾತ್ರೆ ಸೀದಿದ್ದು ಅದಕ್ಕೇ.

ಆಯಿತೋ ಇಲ್ಲವೋ ನೋಡಲು ಬಟ್ಟಲಲ್ಲಿ ತಣ್ಣೀರು ಇಟ್ಟುಕೊಂಡು ಒಂದು ಹನಿ ಬಿಡಿ. ಬೆರಳಲ್ಲಿ ಒತ್ತಿದರೆ ಗಟ್ಟಿ ಉಂಡೆಯಾಗಬೇಕು. ಅವನ್ ಇರುವವರಿಗೆ ಈ ಹದ ಸಾಕು. ಅವನ್ ಇಲ್ಲದವರು ಇನ್ನಷ್ಟು ಹೊತ್ತು ಕಾಯಿಸಿ, ಹನಿ ನೀರಲ್ಲಿ ಗಟ್ಟಿಯಾಗಿ, ಬಗ್ಗಿಸಿದರೆ ಪಟಕ್ ಎಂದು ಮುರಿಯುವ ತನಕ. ಅಲ್ಲಿಂದ ಸೀಯಲು ಅರ್ಧ ನಿಮಿಷವೂ ಬೇಡ, ಪಕ್ಕದಲ್ಲೇ ನಿಂತಿರಿ.

ಉರಿ ಆರಿಸಿ ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ, ಜೋರಾಗಿ ಕಲಕಿ. ಭುಸ್ ಎಂದು ನೊರೆ ಏಳುತ್ತದೆ. ದೊಡ್ಡ ಪಾತ್ರೆ ಅಂದಿದ್ದು ಇದಕ್ಕೇ. ಆ ಗುಳ್ಳೆಗಳು ಪಾಕದೊಳಗೆ ಸಿಕ್ಕಿಕೊಳ್ಳುವುದರಿಂದಲೇ ಕ್ಯಾರಮೆಲ್ ಹಗುರವಾಗಿ ಗರಿಗರಿ ಅನ್ನುವುದು. ಸೋಡಾ ಬಿಟ್ಟರೆ ಸಿಗುವುದು ಕಲ್ಲು. ತಕ್ಷಣ ಪಾಪ್‌ಕಾರ್ನ್ ಮೇಲೆ ಸುರಿದು, ಎಣ್ಣೆ ಸವರಿದ ಎರಡು ಸೌಟಿನಿಂದ ಬುಡದಿಂದ ಮೇಲಕ್ಕೆ ಮಗುಚಿ. ಕೈ ಹಾಕಬೇಡಿ. ಈ ಪಾಕ ಕುದಿಯುವ ನೀರಿಗಿಂತ ಬಿಸಿ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಮಕ್ಕಳು ಇಷ್ಟು ಹೊತ್ತು ಅಡುಗೆಮನೆಯ ಹೊರಗೇ ಇರಲಿ. ಎಲ್ಲ ಕಡೆ ಹತ್ತಿಲ್ಲವಲ್ಲ ಅಂತ ಗಾಬರಿ ಬೇಡ. ಅವನ್‌ನಲ್ಲಿ 120 ಡಿಗ್ರಿಗೆ ಮುಕ್ಕಾಲು ಗಂಟೆ ಇಡಿ, ಕಾಲು ಗಂಟೆಗೊಮ್ಮೆ ತೆಗೆದು ಮಗುಚಿ. ಆಗ ತಾನಾಗಿ ಹರಡುತ್ತದೆ. ಹೊರಗೆ ತೆಗೆದಾಗ ಇನ್ನೂ ಮೆತ್ತಗಿರುತ್ತದೆ, ಆರಿದ ಮೇಲೆ ಗರಿಗರಿ. ಪೂರ್ತಿ ಆರುವ ಮೊದಲು ಡಬ್ಬಿಗೆ ತುಂಬಿದರೆ ಇಷ್ಟು ಮಾಡಿದ್ದೂ ದಂಡ.

ಸಿಹಿ ಬೇಡ, ಬರೀ ಉಪ್ಪು-ಬೆಣ್ಣೆ ಸಾಕು ಅನ್ನುವವರಿಗೆ ಒಂದೇ ಮಾತು: ಬೆಣ್ಣೆಯ ಬದಲು ತುಪ್ಪ ಹಾಕಿ. ಬೆಣ್ಣೆಯಲ್ಲಿ ಶೇ 16ರಷ್ಟು ನೀರೇ ಇರುತ್ತದೆ, ಅದು ಬಿದ್ದ ಕಡೆ ಪಾಪ್‌ಕಾರ್ನ್ ಮುದುಡುತ್ತದೆ. ಉಪ್ಪನ್ನು ಹಿಟ್ಟಿನ ಹಾಗೆ ನುಣ್ಣಗೆ ಪುಡಿ ಮಾಡಿ, ಇಲ್ಲದಿದ್ದರೆ ಎಲ್ಲ ತಳಕ್ಕೆ.

ಹಂತ 4: ಕುಡಿಯಲು

ಬಿಸಿ ಕೊಕೊ ಗಂಟು ಗಂಟಾಗುವುದು ಪುಡಿಯನ್ನು ನೇರ ಹಾಲಿಗೆ ಸುರಿಯುವುದರಿಂದ. ಕಪ್ಪಿಗೆ ಎರಡು ಚಮಚ ಕೊಕೊ, ಅಷ್ಟೇ ಸಕ್ಕರೆ, ಚಿಟಿಕೆ ಉಪ್ಪು, ಸ್ವಲ್ಪ ಬಿಸಿನೀರು ಸೇರಿಸಿ ಮೊದಲು ಲೇಹ್ಯದಂತೆ ಕಲಸಿ. ಆಮೇಲೆ ಹಾಲು ಹಾಕಿ ಎರಡು ನಿಮಿಷ ಸಣ್ಣಗೆ ಕುದಿಸಿ. 'ಡ್ರಿಂಕಿಂಗ್ ಚಾಕೊಲೇಟ್' ಅಂತ ಬರುವ ಡಬ್ಬಿಗಳನ್ನು ಕೊಳ್ಳುವ ಮೊದಲು ಹಿಂಬದಿ ಓದಿ, ಸಾಮಾನ್ಯವಾಗಿ ಮೊದಲ ಹೆಸರೇ ಸಕ್ಕರೆ. ಡಿಕನ್ಸ್ ಓದಿದವರು ಕೊಕೊ ಬಿಟ್ಟು, ಕಿತ್ತಳೆಗೆ ಲವಂಗ ಚುಚ್ಚಿ, ಸುಟ್ಟು, ದ್ರಾಕ್ಷಿ ರಸದಲ್ಲಿ ದಾಲ್ಚಿನ್ನಿ ಜೊತೆ ಬಿಸಿ ಮಾಡಿಕೊಳ್ಳಿ. ಕಥೆಯ ಕೊನೆಯಲ್ಲಿ ಸ್ಕ್ರೂಜ್ ತನ್ನ ಗುಮಾಸ್ತನನ್ನು ಕರೆಯುವುದು ಇಂಥದ್ದೇ ಪಾನೀಯಕ್ಕೆ. ಅದು ವೈನ್‌ನದ್ದು, ಇದು ಮಕ್ಕಳಿಗೂ ಆಗುತ್ತದೆ. ಯಾವುದಾದರೂ ಸರಿ, ಫ್ಲಾಸ್ಕಿಗೆ ತುಂಬಿ ಟಿವಿ ಇರುವ ಕೋಣೆಗೆ ತಂದಿಡಿ.

ಹಂತ 5: ದೀಪ ಆರಿಸಿ, ಸಿನಿಮಾ ಹಾಕಿ

ಫೋನ್‌ಗಳು ಬೇರೆ ಕೋಣೆಯಲ್ಲಿ. ಪಾಪ್‌ಕಾರ್ನ್ ಒಂದೇ ದೊಡ್ಡ ಬೋಗುಣಿಯಲ್ಲಿ ಬೇಡ, ತಲೆಗೊಂದು ಬಟ್ಟಲು. ದಾಟಿಸುವ ಸದ್ದು, "ಈ ಕಡೆ ಕೊಡು" ಎಲ್ಲ ತಪ್ಪುತ್ತದೆ. ಎರಡು ಗಂಟೆ ಮೀರಿದ ಚಿತ್ರವಾದರೆ ನಡುವೆ ಒಂದು ಸಲ ನಿಲ್ಲಿಸಿ, ಎಲ್ಲಿ ಅಂತ ಮೊದಲೇ ಹೇಳಿಬಿಡಿ. ಪುಸ್ತಕದಲ್ಲಿ ಹೀಗಿರಲಿಲ್ಲ ಅನ್ನುವ ಮಾತೆಲ್ಲ ಆಗ.

ಕ್ಯಾರಮೆಲ್ ಅಂಟಿದ ಪಾತ್ರೆಯನ್ನು ಆ ರಾತ್ರಿ ಉಜ್ಜಲು ಹೋಗಬೇಡಿ. ಬೆಳಗ್ಗೆ ಅದಕ್ಕೆ ನೀರು ತುಂಬಿ, ಸೌಟುಗಳನ್ನೂ ಅದರಲ್ಲೇ ಮುಳುಗಿಸಿ, ಒಲೆ ಮೇಲಿಟ್ಟು ಒಂದು ಕುದಿ ಕುದಿಸಿ. ಎಲ್ಲ ತಾನಾಗಿ ಕರಗಿ ಬಿಡುತ್ತದೆ.