ಹಳೆಯದಕ್ಕೆ ಮುಕ್ಕಾಲು, ಹೊಸದಕ್ಕೆ ಕಾಲು: ಪುಸ್ತಕ ಕೊಂಡ ನನ್ನ ಲೆಕ್ಕ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕ ಅಂದರೆ ಧೂಳು, ಹುಳು, ಹರಕು ಎಂದವರಿಗೆ ಈಗ ಲೆಕ್ಕ ಒಪ್ಪಿಸಬಹುದು. ಆರೇಳು ವರ್ಷಕ್ಕೆ ಸುಮಾರು 1,100 ಪುಸ್ತಕ, ಅದರಲ್ಲಿ ಎಂಟುನೂರರ ಮೇಲೆ ಸೆಕೆಂಡ್ ಹ್ಯಾಂಡ್. ಹಳೆಯದಕ್ಕೆ ತಲಾ 70 ರೂಪಾಯಿ ಬಿದ್ದಿದೆ. ರಿಪೇರಿ ಖರ್ಚು, ಎಸೆದ ಪುಸ್ತಕದ ದುಡ್ಡು ಎರಡನ್ನೂ ಸೇರಿಸಿದರೆ 95ರ ಆಸುಪಾಸು. ಹೊಸದಾದರೆ ಪುಟಕ್ಕೆ ಒಂದು ರೂಪಾಯಿಯ ಮೇಲೆಯೇ ಇದೆ, 200 ಪುಟಕ್ಕೆ 220–250. ಎಸೆದದ್ದನ್ನು ಲೆಕ್ಕಕ್ಕೆ ಹಿಡಿಯದೆ ‘ಐವತ್ತಕ್ಕೆ ಸಿಕ್ತು’ ಅನ್ನುವವರ ಮಾತು ನಂಬಬೇಡಿ. ಮೊದಲ ವರ್ಷ ನನ್ನವೂ ನೂರಕ್ಕೆ ಮೂವತ್ತು ಹೀಗೇ ಹೋದವು. ಈಗ ಐದಾರು.

ಹೋದದ್ದರಲ್ಲಿ ಅರ್ಧದಷ್ಟು ಫಾರಂ ತಪ್ಪಿದವು. ಫಾರಂ ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟು. ಡೆಮಿ 1/8 ಅನ್ನುವ ಪುಸ್ತಕದ ಅಳತೆಯಲ್ಲಿ ಒಂದು ಫಾರಂಗೆ 16 ಪುಟ. ಬೈಂಡಿಂಗ್‌ನಲ್ಲಿ ಒಂದು ಫಾರಂ ಬಿಟ್ಟುಹೋಗಿ ಇನ್ನೊಂದು ಎರಡು ಸಲ ಸೇರಿಕೊಂಡಿರುತ್ತದೆ. ಮೇಲಿಂದ ನೋಡಿದರೆ ದಪ್ಪ ಸರಿಯಾಗಿಯೇ ಇರುತ್ತದೆ. ಎಲ್ಲ ಪುಟ ತಿರುಗಿಸುತ್ತ ನಿಂತರೆ ಅಂಗಡಿಯವರು ಗೊಣಗುತ್ತಾರೆ, ಹಾಗಾಗಿ 16–17, 32–33, 48–49 ಹೀಗೆ ಗಡಿಗಳನ್ನಷ್ಟೇ ನೋಡಿ. ಮುನ್ನುಡಿಯನ್ನೂ ಸೇರಿಸಿ ಫಾರಂ ಕಟ್ಟಿದ್ದರೆ ಗಡಿ ಜರುಗಿರುತ್ತದೆ. ಆಗ ಹೊಲಿಗೆಯ ದಾರ ಕಾಣುವ ಪುಟ ಹುಡುಕಿ: ಅದು ಫಾರಂನ ನಡು, ಅಲ್ಲಿಂದ ಎಂಟು ಪುಟ ಮುಂದೆ ಗಡಿ. ಹಳೆಯ ಹಲವು ಪುಸ್ತಕಗಳಲ್ಲಿ ಫಾರಂನ ಮೊದಲ ಪುಟದ ಅಡಿಯಲ್ಲಿ ಸಣ್ಣ ಅಂಕಿಯೂ ಇರುತ್ತದೆ. ಕೈ ಪಳಗಿದರೆ ಮುಕ್ಕಾಲು ನಿಮಿಷದ ಕೆಲಸ. ಆನ್‌ಲೈನಿನಲ್ಲಿ ಇದಕ್ಕೆ ದಾರಿಯಿಲ್ಲ. ಒಬ್ಬ ಮಾರಾಟಗಾರರು ಫಾರಂ ಇಲ್ಲದ್ದನ್ನೇ ಎರಡು ಸಲ ಕಳಿಸಿದರು, ಅಂಚೆಖರ್ಚು ನನ್ನ ತಲೆಗೇ ಬಂತು.

ಎರಡನೆಯದು ಕಾಗದ. ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದ ಹಳೆಯ ಕಾದಂಬರಿಗಳು ಆಮ್ಲದಿಂದ ಒಳಗೊಳಗೇ ಸುಟ್ಟಿರುತ್ತವೆ. ಕೊನೆಯ ಖಾಲಿ ಹಾಳೆಯ ಮೂಲೆಯನ್ನು ಉಗುರಿನಷ್ಟು ಹಿಂದಕ್ಕೂ ಮುಂದಕ್ಕೂ ಮಡಚಿ. ಎರಡು ಮೂರು ಮಡಿಕೆಗೇ ಮುರಿದರೆ ಹತ್ತು ರೂಪಾಯಿಗೂ ಬೇಡ. ಬರೀ ಹಳದಿ ಬಣ್ಣಕ್ಕೆ ಹೆದರಬೇಕಿಲ್ಲ.

ಹೊಸದನ್ನೇ ಕೊಳ್ಳುವುದು ಯಾವುದನ್ನು? ಕಾನೂನಿನ ಪುಸ್ತಕ ಮೊದಲು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಹಳೆಯ ಪ್ರತಿಗಳು ರಾಶಿಗಟ್ಟಲೆ ಇಳಿದವು, ಅಗ್ಗ ಅಂತ ಎತ್ತಿಕೊಂಡವರಿಗೆ ಪರೀಕ್ಷೆಯಲ್ಲಿ ದಕ್ಕಿದ್ದೇನೂ ಇಲ್ಲ. ಎಂಜಿನಿಯರಿಂಗಿನ ವಿಟಿಯು ವಿಶ್ವವಿದ್ಯಾಲಯದ ಪುಸ್ತಕವಾದರೆ ಯಾವ ವರ್ಷದ ಸ್ಕೀಮಿಗೆ, ಅಂದರೆ ಪಠ್ಯಕ್ರಮಕ್ಕೆ, ಸೇರಿದ್ದು ನೋಡದೆ ಕೈಹಾಕಬೇಡಿ. ಇನ್ನು ಈಗ ಬರೆಯುತ್ತಿರುವವರ ಕಥೆ, ಕವಿತೆ. ಇವು ಐನೂರೋ ಸಾವಿರವೋ ಪ್ರತಿ ಅಚ್ಚಾಗುತ್ತವೆ. ಹಳೆಯದಾಗಿ ಫುಟ್‌ಪಾತಿಗೆ ಬರಲಿ ಅಂತ ಕಾದರೆ ಎಲ್ಲೂ ಸಿಗುವುದಿಲ್ಲ, ಬರೆದವರಿಗೂ ಕಾಸು ಹೋಗುವುದಿಲ್ಲ. ಇದೊಂದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ತೀರಿಹೋದ ದೊಡ್ಡವರ ಕೃತಿಗಳಲ್ಲಿ ಮಾತ್ರ ಉಲ್ಟಾ. ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೆಯ ಪ್ರತಿ ಸಿಕ್ಕರೆ ಅದೇ ವಾಸಿ. ಕೆಲವು ಮರುಮುದ್ರಣಗಳಲ್ಲಿ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಿಂದ ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಬಿದ್ದಿರುತ್ತದೆ. ಕೊಳ್ಳುವ ಮುಂಚೆ ನಡುವಿನ ಒಂದು ಪುಟ ಓದಿ ನೋಡಿ. ಸಂಪುಟಗಳಲ್ಲಿ ಬಿಡಿ ಪ್ರತಿಗೆ ಮರುಳಾಗಬೇಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನು ಬಿಡಿಬಿಡಿಯಾಗಿ ಕೂಡಿಸಲು ಹೊರಟು, ಒಂದೇ ಸಂಪುಟದ ಎರಡು ಪ್ರತಿ ಮನೆಯಲ್ಲಿ ಕೂತಿವೆ.

ತಂದದ್ದನ್ನು ನೇರ ಕಪಾಟಿಗೆ ಇಡಬೇಡಿ, ಒಳಗೆ ಹುಳು ಇದ್ದೀತು. ಮೊದಮೊದಲು ತಾರಸಿಯ ಬಿಸಿಲಿಗೆ ಹಾಕಿದೆ: ರಟ್ಟು ಸೊಟ್ಟಗಾಯಿತು, ಅಂಟಿನ ಬೈಂಡಿಂಗ್ ಮೆತ್ತಗಾಗಿ ಹಾಳೆ ಉದುರಿದವು. ನುಸಿಗುಳಿಗೆಯ ವಾಸನೆ ವರ್ಷವಾದರೂ ಹೋಗಲಿಲ್ಲ. ಗೆದ್ದದ್ದು ಫ್ರೀಜರ್. ಪಾಲಿಥೀನಿನಲ್ಲಿ ಗಾಳಿ ತೆಗೆದು ಸುತ್ತಿ, ಟೇಪ್ ಹಾಕಿ, ಎರಡು ವಾರ. ಹೊರಗೆ ತೆಗೆದ ಮೇಲೆ ಒಂದು ಪೂರ್ತಿ ದಿನ ಪೊಟ್ಟಣ ಬಿಚ್ಚಬಾರದು. ಅವಸರಪಟ್ಟರೆ ಹನಿಗಟ್ಟಿದ ನೀರಿಗೆ ಆರ್ಟ್ ಪೇಪರಿನ ಚಿತ್ರಪುಟಗಳು ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ, ಬಿಡಿಸಹೋದರೆ ಚಿತ್ರವೇ ಕಿತ್ತು ಬರುತ್ತದೆ. ಹೀಗೆ ಕಳೆದದ್ದು ಮೂರು.

ಮುಗ್ಗಲು ವಾಸನೆಗೆ ಅಡುಗೆ ಸೋಡಾ, ಕಾಫಿಪುಡಿ ಎರಡನ್ನೂ ಮುಚ್ಚಿದ ಡಬ್ಬಿಯಲ್ಲಿಟ್ಟು ನೋಡಿದೆ. ಸೋಡಾ ನಾಲ್ಕೈದು ದಿನಕ್ಕೆ ಮುಕ್ಕಾಲು ಪಾಲು ಎಳೆಯಿತು. ಕಾಫಿ ಇಟ್ಟ ಪುಸ್ತಕ ಕಾಫಿ ಮತ್ತು ಮುಗ್ಗಲು ಎರಡೂ ನಾರಿತು. ಬೀಡಿ ಹೊಗೆ ಯಾವುದಕ್ಕೂ ಬಗ್ಗಲಿಲ್ಲ.

ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಕೇಳಿದರೆ ಕಿಲೋಗೆ 30–40ಕ್ಕೆ ಒಪ್ಪುತ್ತಾರೆ, ಆದರೆ ಒಂದೊಂದೇ ಆರಿಸಲು ಬಿಡುವುದಿಲ್ಲ. ಆರಿಸಲು ಬಿಡುವ ಗುಜರಿ ಯಾವುದು, ಅಲ್ಲಿಗೆ ಮಾಲು ಬೀಳುವ ದಿನ ಯಾವುದು ಎಂಬುದು ನನ್ನಲ್ಲೇ ಇರಲಿ.

ಹರಿದ ಹಾಳೆಗೆ ಸೆಲೋಟೇಪ್ ಹಚ್ಚಿದರೆ ನಾಲ್ಕೈದು ವರ್ಷಕ್ಕೆ ಕಂದು ಪಟ್ಟಿ. ಬಿಳಿ ಗಾಳಿಪಟದ ಕಾಗದ, ತೆಳು ಮೈದಾ ಅಂಟು ಸಾಕು. ಅಂಟಿಗೆ ಮೈಲುತುತ್ತ ಬೆರೆಸುವ ಬೈಂಡರುಗಳಿದ್ದಾರೆ. ಹುಳು ಬರುವುದಿಲ್ಲ ನಿಜ, ಆದರೆ ಅದು ವಿಷ, ಮಕ್ಕಳ ಪುಸ್ತಕಕ್ಕೆ ಬೇಡ. ಹೊಸ ರಟ್ಟು ಕಟ್ಟಲು ಕೊಟ್ಟರೆ 120–150 ಆಗುತ್ತದೆ. ಕೊಡುವಾಗ ‘ಅಂಚು ಕತ್ತರಿಸಬೇಡಿ’ ಎಂದು ಚೀಟಿಯಲ್ಲಿ ಬರೆದು ಮೊದಲ ಪುಟಕ್ಕೇ ಸಿಕ್ಕಿಸಿ. ಬಾಯಲ್ಲಿ ಹೇಳಿದ್ದು ಕತ್ತರಿಸುವ ಹುಡುಗನವರೆಗೆ ತಲುಪುವುದಿಲ್ಲ.